ಬ್ಯಾಕಪ್ ಯಂತ್ರಗಳು ಒಂದನ್ನೊಂದು ನಂಬದಿದ್ದಾಗ: ಸುರಕ್ಷಿತ ಸಂಪರ್ಕ ಮುರಿಯುವ ಬಗೆ, ಕಾರಣ ಹುಡುಕುವ ಕ್ರಮ

ಕಂಪನಿಗಳ ಲೆಕ್ಕಪತ್ರಗಳ ನಿಯಮಗಳಿಗೆ ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ತಂದ ತಿದ್ದುಪಡಿಯ ಪ್ರಕಾರ, ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಕಂಪನಿಗಳು ಅದರ ಬ್ಯಾಕಪ್ಪನ್ನು ಭಾರತದೊಳಗೇ ಇರುವ ಸರ್ವರಿನಲ್ಲಿ ಪ್ರತಿದಿನವೂ ತೆಗೆದಿಡಬೇಕು. ಅದಕ್ಕೆ ಮುಂಚೆ ‘ನಿಯತಕಾಲಿಕವಾಗಿ’ ತೆಗೆದರೆ ಸಾಕಿತ್ತು. ಈ ಒಂದು ಪದದ ಬದಲಾವಣೆಯಿಂದಾಗಿ, ಇಷ್ಟು ದಿನ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನ ತಲೆನೋವಾಗಿದ್ದ ವಿಷಯ ಮಾಲೀಕರ ಮೇಜಿಗೂ ಲೆಕ್ಕ ಪರಿಶೋಧಕರ ಪ್ರಶ್ನೆಪಟ್ಟಿಗೂ ಬಂದು ಕುಳಿತಿದೆ. ‘ನಿನ್ನೆಯ ಬ್ಯಾಕಪ್ ಆಗಿದೆಯೇ?’ ಎಂದು ಕೇಳಿದಾಗ ಪರದೆಯ ಮೇಲೆ ಕಾಣುವ ಉತ್ತರ ಎಷ್ಟೋ ಸಲ ಒಂದೇ ಸಾಲಿನದು: ಸುರಕ್ಷಿತ ಸಂಪರ್ಕ ಸಾಧ್ಯವಾಗಲಿಲ್ಲ.

ಈ ಸಾಲು ಏನನ್ನೋ ಹೇಳುವಂತೆ ತೋರುತ್ತದೆಯಾದರೂ ನಿಜಕ್ಕೂ ಏನನ್ನೂ ಹೇಳುವುದಿಲ್ಲ. ಇದು ಒಂದು ಕಾಯಿಲೆಯ ಹೆಸರಲ್ಲ. ಜ್ವರ ಬಂದಿದೆ ಎಂದ ಹಾಗೆ. ಇದರ ಹಿಂದೆ ಹತ್ತಾರು ಬೇರೆ ಬೇರೆ ಕಾರಣಗಳಿರಬಹುದು, ಮತ್ತು ಆ ಕಾರಣಗಳಿಗೆ ಒಂದು ಕ್ರಮವಿದೆ. ಎರಡು ಯಂತ್ರಗಳು ಪರಸ್ಪರ ನಂಬಿಕೆಗೆ ಬರುವ ಮುನ್ನ ಹಂತಹಂತವಾಗಿ ಕೆಲವು ಪರೀಕ್ಷೆಗಳನ್ನು ದಾಟುತ್ತವೆ. ಯಾವ ಹಂತದಲ್ಲಿ ಸೋತವು ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ವಿವರಣೆಗೆ ಅನುಕೂಲವಾಗಲೆಂದು ಒಂದು ಕಲ್ಪಿತ ಸಂಸ್ಥೆಯನ್ನು ಇಟ್ಟುಕೊಳ್ಳೋಣ. ಅದರ ಕಾರ್ಖಾನೆ ಮತ್ತು ಮುಖ್ಯ ಕಚೇರಿ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿವೆ. ಮಾರಾಟದ ಶಾಖೆ ಮಂಡ್ಯದಲ್ಲಿದೆ. ಪ್ರತಿ ರಾತ್ರಿ 9 ಗಂಟೆಗೆ ಮಂಡ್ಯದ ಬಿಲ್ಲಿಂಗ್ ಕಂಪ್ಯೂಟರಿನ ದತ್ತಾಂಶ ಮೈಸೂರಿನ ಬ್ಯಾಕಪ್ ಸರ್ವರಿಗೆ ಬರಬೇಕು.

ಯಾರು ಯಾರನ್ನು ಕರೆಯುತ್ತಾರೆ

ಜಾಲದಲ್ಲಿ ಹೆಸರು ಮತ್ತು ವಿಳಾಸ ಪಡೆದು ಕುಳಿತಿರುವ ಯಾವುದೇ ಯಂತ್ರಕ್ಕೆ ಹೋಸ್ಟ್ ಎನ್ನುತ್ತಾರೆ. ಬ್ಯಾಕಪ್ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಹೋಸ್ಟ್‌ಗಳು ಇರುತ್ತವೆ: ಯಾವಾಗ ಏನನ್ನು ನಕಲು ಮಾಡಬೇಕು ಎಂದು ಆದೇಶಿಸುವ ಮುಖ್ಯ ಸರ್ವರ್, ದತ್ತಾಂಶ ಇರುವ ಕ್ಲೈಂಟ್, ಮತ್ತು ನಕಲನ್ನು ಡಿಸ್ಕ್ ಅಥವಾ ಟೇಪಿನಲ್ಲಿ ಬರೆದಿಡುವ ಸಂಗ್ರಹ ಸರ್ವರ್. ಸಣ್ಣ ಕಚೇರಿಗಳಲ್ಲಿ ಮೊದಲನೆಯದೂ ಮೂರನೆಯದೂ ಒಂದೇ ಪೆಟ್ಟಿಗೆಯಲ್ಲಿ ಇರುವುದುಂಟು.

ಬ್ಯಾಕಪ್ ಎಂದರೆ ಒಂದೇ ಸಂಪರ್ಕ ಎಂದು ಅನೇಕರು ಭಾವಿಸುತ್ತಾರೆ. ಬಾಕ್ಯುಲಾ ಎಂಬ ಮುಕ್ತ ತಂತ್ರಾಂಶವನ್ನೇ ನೋಡಿ. ಅದರಲ್ಲಿ ಆದೇಶ ಕೊಡುವ ಭಾಗ 9101ನೇ ಪೋರ್ಟಿನಲ್ಲಿ (ಪೋರ್ಟ್ ಎಂದರೆ ಯಂತ್ರದ ಸಂಖ್ಯೆಯುಳ್ಳ ಬಾಗಿಲು), ಕ್ಲೈಂಟ್ 9102ರಲ್ಲಿ, ಸಂಗ್ರಹದ ಭಾಗ 9103ರಲ್ಲಿ ಕಾದಿರುತ್ತದೆ. ಸಾಮಾನ್ಯ ಜೋಡಣೆಯಲ್ಲಿ ಮುಖ್ಯ ಸರ್ವರ್ ಕ್ಲೈಂಟನ್ನು ಕರೆದು ಕೆಲಸ ಹೇಳುತ್ತದೆ, ಆಮೇಲೆ ಕ್ಲೈಂಟ್ ತಾನೇ ಹೊರಟು ಸಂಗ್ರಹ ಸರ್ವರನ್ನು ಕರೆಯುತ್ತದೆ. ಮೈಸೂರಿನಿಂದ ಮಂಡ್ಯಕ್ಕೆ ಹೋಗುವ ದಾರಿ ಸರಿಯಿದ್ದು, ಮಂಡ್ಯದಿಂದ ಮೈಸೂರಿನ 9103ಕ್ಕೆ ಬರುವ ದಾರಿ ಮುಚ್ಚಿದ್ದರೆ, ‘ಕ್ಲೈಂಟ್ ಸಿಗುತ್ತಿದೆ, ಆದರೂ ಬ್ಯಾಕಪ್ ಆಗುತ್ತಿಲ್ಲ’ ಎಂಬ ವಿಚಿತ್ರ ಸ್ಥಿತಿ ಉಂಟಾಗುತ್ತದೆ. ಆದ್ದರಿಂದ ಮೊದಲ ಪ್ರಶ್ನೆ ಏನು ಕೆಟ್ಟಿದೆ ಎಂಬುದಲ್ಲ, ಯಾರು ಯಾರನ್ನು ಕರೆಯುವಾಗ ಕೆಟ್ಟಿತು ಎಂಬುದು. ಈ ದಿಕ್ಕನ್ನು ಒಂದು ಹಾಳೆಯ ಮೇಲೆ ಬಾಣ ಹಾಕಿ ಬರೆದುಕೊಳ್ಳದೆ ಮುಂದೆ ಹೋದರೆ ಇಡೀ ದಿನ ತಪ್ಪು ಯಂತ್ರದ ಮುಂದೆ ಕಳೆದುಹೋಗುತ್ತದೆ.

ದಸರಾ ಪಾಸು ಮತ್ತು ಟಿಎಲ್‌ಎಸ್

ಎರಡು ಯಂತ್ರಗಳ ನಡುವಿನ ಮಾತನ್ನು ಮೂರನೆಯವರು ಓದದಂತೆ, ತಿದ್ದದಂತೆ ಕಾಪಾಡುವ ವಿಧಾನಕ್ಕೆ ಟಿಎಲ್‌ಎಸ್ ಎಂದು ಹೆಸರು. ಬ್ಯಾಂಕಿನ ಜಾಲತಾಣ ತೆರೆದಾಗ ಕೆಲಸ ಮಾಡುವುದೂ ಇದೇ. ಇದರ ಮೊದಲ ಆವೃತ್ತಿ 1999ರಲ್ಲಿ ಬಂತು. ಈಗ ಬಳಕೆಯಲ್ಲಿರುವ 1.2 ಎಂಬುದು 2008ರದು, 1.3 ಎಂಬುದು 2018ರದು.

ಮೈಸೂರಿನವರಿಗೆ ಇದನ್ನು ಅರ್ಥಮಾಡಿಸಲು ಜಂಬೂಸವಾರಿಯ ಪಾಸಿಗಿಂತ ಒಳ್ಳೆಯ ಹೋಲಿಕೆ ಬೇಕಿಲ್ಲ. ಅರಮನೆಯ ಆವರಣದೊಳಗೆ ಕುಳಿತು ಮೆರವಣಿಗೆ ನೋಡಬೇಕಾದರೆ ಪಾಸು ಬೇಕು. ಬಾಗಿಲಲ್ಲಿ ನಿಂತಿರುವ ಪೊಲೀಸರಿಗೆ ಬಂದವರ ಪರಿಚಯವಿರುವುದಿಲ್ಲ. ಆದರೆ ಪಾಸು ಕೊಟ್ಟ ಕಚೇರಿಯ ಮೊಹರು ಗೊತ್ತಿರುತ್ತದೆ. ಮೊಹರು ಸರಿಯಿದೆಯೇ, ದಿನಾಂಕ ಇವತ್ತಿನದೇ, ಹೆಸರು ಇವರದ್ದೇ, ರದ್ದಾದ ಪಾಸುಗಳ ಪಟ್ಟಿಯಲ್ಲಿ ಇದರ ಸಂಖ್ಯೆ ಇದೆಯೇ ಎಂದು ನೋಡಿ ಒಳಗೆ ಬಿಡುತ್ತಾರೆ. ವರಾಹ ದ್ವಾರದ ಪಾಸು ಹಿಡಿದು ಜಯಮಾರ್ತಾಂಡ ದ್ವಾರಕ್ಕೆ ಹೋದರೆ ಪಾಸು ಅಸಲಿಯಾಗಿದ್ದರೂ ಪ್ರಯೋಜನವಿಲ್ಲ.

ಈ ಕಥೆಯಲ್ಲಿ ಪಾಸು ಎಂಬುದೇ ಡಿಜಿಟಲ್ ಸರ್ಟಿಫಿಕೇಟ್. ಪಾಸು ಕೊಡುವ ಕಚೇರಿ ಎಂದರೆ ಸರ್ಟಿಫಿಕೇಟ್ ಪ್ರಾಧಿಕಾರ. ಅದರ ಮೊಹರಿನ ಮಾದರಿಯೇ ಮೂಲ ಸರ್ಟಿಫಿಕೇಟ್. ಬಾಗಿಲಿನ ಹೆಸರು ಪೋರ್ಟ್ ಸಂಖ್ಯೆ. ಆದರೆ ಕಾಗದದ ಪಾಸಿಗಿಲ್ಲದ ಒಂದು ಗುಣ ಇದಕ್ಕಿದೆ. ಸರ್ಟಿಫಿಕೇಟನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ಅದು ಗುಟ್ಟಲ್ಲ. ಗುಟ್ಟಾಗಿರುವುದು ಅದರ ಜೋಡಿಯಾದ ಖಾಸಗಿ ಕೀ. ಬಾಗಿಲಿನಲ್ಲಿ ‘ಪಾಸು ನಿನ್ನದೇ ಆದರೆ ಇಲ್ಲೇ, ನನ್ನೆದುರಿಗೇ ಸಹಿ ಹಾಕಿ ತೋರಿಸು’ ಎಂದು ಕೇಳಲಾಗುತ್ತದೆ, ಮತ್ತು ಖಾಸಗಿ ಕೀ ಇದ್ದವರಿಗೆ ಮಾತ್ರ ಆ ಸಹಿ ಬರುತ್ತದೆ. ಜಿಎಸ್‌ಟಿ ಅಥವಾ ಆದಾಯ ತೆರಿಗೆಯ ಕೆಲಸಕ್ಕೆ ಯುಎಸ್‌ಬಿ ಟೋಕನ್ ಚುಚ್ಚಿ ಡಿಜಿಟಲ್ ಸಹಿ ಮಾಡುವವರು ಇದನ್ನು ಆಗಲೇ ಬಳಸುತ್ತಿದ್ದಾರೆ. ಆ ಟೋಕನಿನೊಳಗೆ ಇರುವುದೂ ಇದೇ ಬಗೆಯ ಸರ್ಟಿಫಿಕೇಟ್ ಮತ್ತು ಕೀ.

ಬ್ಯಾಂಕಿನ ಜಾಲತಾಣಕ್ಕೂ ಬ್ಯಾಕಪ್ಪಿಗೂ ಇರುವ ವ್ಯತ್ಯಾಸ ಇಲ್ಲಿದೆ. ಜಾಲತಾಣ ತೆರೆದಾಗ ಸಾಮಾನ್ಯವಾಗಿ ಬ್ಯಾಂಕು ಮಾತ್ರ ತನ್ನ ಸರ್ಟಿಫಿಕೇಟ್ ತೋರಿಸುತ್ತದೆ. ಬ್ಯಾಕಪ್ ತಂತ್ರಾಂಶಗಳಲ್ಲಿ ಹಲವು ಎರಡೂ ಕಡೆಯವರಿಂದ ಪಾಸು ಕೇಳುತ್ತವೆ: ಮಂಡ್ಯದ ಯಂತ್ರ ಮೈಸೂರನ್ನು ಪರೀಕ್ಷಿಸುತ್ತದೆ, ಮೈಸೂರು ಮಂಡ್ಯವನ್ನು ಪರೀಕ್ಷಿಸುತ್ತದೆ. ಹೀಗಾಗಿ ಸೋಲುವ ಅವಕಾಶವೂ ಇಮ್ಮಡಿ. ಇನ್ನು ಕೆಲವು ತಂತ್ರಾಂಶಗಳು ಸರ್ಟಿಫಿಕೇಟಿನ ಬದಲು ಎರಡೂ ಕಡೆ ಮೊದಲೇ ಬರೆದಿಟ್ಟ ಒಂದೇ ಗುಟ್ಟುಪದವನ್ನು ನೆಚ್ಚಿಕೊಳ್ಳುತ್ತವೆ. ಅಲ್ಲಿ ಗುಟ್ಟುಪದದ ಒಂದು ಅಕ್ಷರವೋ, ಯಂತ್ರಕ್ಕೆ ಇಟ್ಟ ಹೆಸರೋ ಬೇರೆಯಾದರೆ ಸಾಕು, ಮಾತುಕತೆ ಆರಂಭದಲ್ಲೇ ನಿಲ್ಲುತ್ತದೆ.

ಬಾಗಿಲಿನವರೆಗೆ ತಲುಪಿದ್ದೇವೆಯೇ?

ಪಾಸಿನ ಬಗ್ಗೆ ಚಿಂತಿಸುವ ಮುನ್ನ ಅರಮನೆ ತಲುಪಿದ್ದೇವೆಯೇ ಎಂದು ನೋಡಬೇಕು. ಬಹಳ ಮಂದಿ ಇಲ್ಲಿ ಪಿಂಗ್ (ಆ ಯಂತ್ರ ಉತ್ತರಿಸುತ್ತದೆಯೇ ಎಂದು ಕೇಳುವ ಸಣ್ಣ ಆದೇಶ) ಮಾಡಿ ನೋಡಿ ತೃಪ್ತರಾಗುತ್ತಾರೆ. ಪಿಂಗ್‌ಗೆ ಪೋರ್ಟಿನ ಪ್ರಶ್ನೆಯೇ ಇಲ್ಲ. ಅದು ಊರಿಗೆ ರಸ್ತೆಯಿದೆ ಎಂದು ಹೇಳುತ್ತದೆಯೇ ಹೊರತು ಇಂಥ ಮನೆಯ ಬಾಗಿಲು ತೆರೆದಿದೆ ಎಂದು ಹೇಳುವುದಿಲ್ಲ. ಪಿಂಗ್ ಸೋತರೂ ಯಂತ್ರ ಸತ್ತಿದೆ ಎಂದಲ್ಲ, ಏಕೆಂದರೆ ಯಂತ್ರದಲ್ಲಿರುವ, ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಪಿಂಗ್‌ಗೆ ಉತ್ತರಿಸದಂತೆ ತಡೆದಿರಬಹುದು. ನೋಡಬೇಕಾದದ್ದು ಬ್ಯಾಕಪ್ ತಂತ್ರಾಂಶ ಬಳಸುವ ಪೋರ್ಟನ್ನೇ: ವಿಂಡೋಸ್‌ನಲ್ಲಿ ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್, ಲಿನಕ್ಸ್‌ನಲ್ಲಿ ಟೆಲ್ನೆಟ್ ಅಥವಾ ನೆಟ್‌ಕ್ಯಾಟ್ ಇದನ್ನು ಹೇಳುತ್ತವೆ. ನೆಟ್‌ಬ್ಯಾಕಪ್ ಎಂಬ ತಂತ್ರಾಂಶವಾದರೆ 1556, ಬಾಕ್ಯುಲಾ ಆದರೆ ಮೇಲೆ ಹೇಳಿದ ಮೂರು.

ಉತ್ತರದ ಬಗೆಯನ್ನೂ ಗಮನಿಸಬೇಕು. ಕೂಡಲೇ ‘ನಿರಾಕರಿಸಲಾಗಿದೆ’ ಎಂದು ಬಂದರೆ ಮನೆಯಿದೆ, ಆದರೆ ಆ ಬಾಗಿಲಲ್ಲಿ ಯಾರೂ ನಿಂತಿಲ್ಲ ಎಂದು ಸಾಮಾನ್ಯ ಅರ್ಥ: ಬ್ಯಾಕಪ್ ಸೇವೆ ನಿಂತುಹೋಗಿದೆ, ಯಂತ್ರ ಮತ್ತೆ ಚಾಲೂ ಆದ ಮೇಲೆ ಅದು ತಾನಾಗಿ ಏಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು ‘ಸಮಯ ಮೀರಿತು’ ಎಂದು ಬಂದರೆ ನಡುವೆ ಎಲ್ಲೋ ಫೈರ್‌ವಾಲ್ ಮಾತನ್ನು ನುಂಗುತ್ತಿದೆ, ಅಥವಾ ಆ ವಿಳಾಸದಲ್ಲಿ ಯಂತ್ರವೇ ಇಲ್ಲ. ಈ ಎರಡು ಉತ್ತರಗಳಿಗೆ ಪರಿಹಾರ ಹುಡುಕುವ ಜಾಗಗಳೇ ಬೇರೆ.

ಪೋರ್ಟ್ ತೆರೆದಿದ್ದರೆ ಜಾಲದ ಕೆಲಸ ಬಹುಮಟ್ಟಿಗೆ ಮುಗಿಯಿತು. ಇಲ್ಲಿಂದ ಮುಂದಿನದು ಗುರುತಿನ ಪ್ರಶ್ನೆ.

ಹೆಸರಿನ ತಕರಾರು

ಪಾಸಿನಲ್ಲಿ ‘ಎಂ. ಎಸ್. ರಾವ್’ ಎಂದಿದ್ದು ಆಧಾರ್ ಕಾರ್ಡಿನಲ್ಲಿ ‘ಮಂಜುನಾಥ ರಾವ್’ ಎಂದಿದ್ದರೆ ಬಾಗಿಲಲ್ಲಿ ಮಾತು ಬೆಳೆಯುತ್ತದೆ. ಮನುಷ್ಯರಾದರೆ ಹೊಂದಿಕೊಂಡಾರು, ಯಂತ್ರ ಹೊಂದಿಕೊಳ್ಳುವುದಿಲ್ಲ. ಮಂಡ್ಯದ ಯಂತ್ರಕ್ಕೆ ಒಂದು ಚಿಕ್ಕ ಹೆಸರು, ಸಂಸ್ಥೆಯ ಡೊಮೇನ್ ಸೇರಿಸಿದ ಒಂದು ಪೂರ್ಣ ಹೆಸರು, ಒಂದು ಐಪಿ ವಿಳಾಸ ಇರುತ್ತವೆ. ಸರ್ಟಿಫಿಕೇಟಿನಲ್ಲಿ ಪೂರ್ಣ ಹೆಸರಿದ್ದು, ಬ್ಯಾಕಪ್ ಜಾಬಿನಲ್ಲಿ (ಏನನ್ನು ಯಾವಾಗ ನಕಲು ಮಾಡಬೇಕೆಂದು ಬರೆದಿಟ್ಟ ಆದೇಶದಲ್ಲಿ) ಯಾರೋ ಚಿಕ್ಕ ಹೆಸರನ್ನೋ ಐಪಿ ವಿಳಾಸವನ್ನೋ ಬರೆದಿದ್ದರೆ ಸಂಪರ್ಕ ಮುರಿಯುತ್ತದೆ. ಯಂತ್ರದ ಹೆಸರು ಬದಲಾಯಿಸಿ ಸರ್ಟಿಫಿಕೇಟನ್ನು ಹಾಗೇ ಬಿಟ್ಟರೂ ಅಷ್ಟೇ.

ಹೆಸರಿನಿಂದ ವಿಳಾಸ ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎಂದು ಹೆಸರು. ಸಣ್ಣ ಕಚೇರಿಗಳಲ್ಲಿ ಡಿಎನ್‌ಎಸ್ ಬದಲು ಪ್ರತಿ ಯಂತ್ರದಲ್ಲೂ ಹೋಸ್ಟ್ಸ್ ಎಂಬ ಕಡತದಲ್ಲಿ ಹೆಸರು ವಿಳಾಸಗಳನ್ನು ಕೈಯಲ್ಲೇ ಬರೆದಿಡುವುದು ರೂಢಿ. ಆ ಕಡತವನ್ನು ಯಾರು ಯಾವಾಗ ತಿದ್ದಿದರು ಎಂಬುದು ಯಾರಿಗೂ ನೆನಪಿರುವುದಿಲ್ಲ. ರೌಟರ್ ಬದಲಾಯಿಸಿದ ದಿನ ಮಂಡ್ಯದ ಯಂತ್ರಕ್ಕೆ ಹೊಸ ಐಪಿ ಸಿಕ್ಕಿರುತ್ತದೆ, ಮೈಸೂರಿನ ಹೋಸ್ಟ್ಸ್ ಕಡತದಲ್ಲಿ ಹಳೆಯದೇ ಕುಳಿತಿರುತ್ತದೆ, ಮತ್ತು ಆ ಹಳೆಯ ಐಪಿ ಅಷ್ಟರಲ್ಲಿ ಶಾಖೆಯ ಪ್ರಿಂಟರಿನ ಪಾಲಾಗಿರುತ್ತದೆ. ಹೀಗಾಗಿ ಹೆಸರಿನಿಂದ ವಿಳಾಸ, ವಿಳಾಸದಿಂದ ಹೆಸರು ಎರಡನ್ನೂ, ಅದೂ ಎರಡೂ ಊರಿನ ಯಂತ್ರಗಳಿಂದ, ಎನ್‌ಎಸ್‌ಲುಕಪ್ ಹಾಗೂ ಪಿಂಗ್ ಮೂಲಕ ನೋಡಬೇಕು. ಎರಡನ್ನೂ ಬಳಸಲು ಕಾರಣವಿದೆ: ಎನ್‌ಎಸ್‌ಲುಕಪ್ ಹೋಸ್ಟ್ಸ್ ಕಡತವನ್ನು ನೋಡದೆ ನೇರವಾಗಿ ಡಿಎನ್‌ಎಸ್ ಅನ್ನೇ ಕೇಳುತ್ತದೆ, ಆದ್ದರಿಂದ ಅದು ತೋರಿಸುವ ವಿಳಾಸವೂ ಬ್ಯಾಕಪ್ ತಂತ್ರಾಂಶ ನಿಜವಾಗಿ ಬಳಸುವ ವಿಳಾಸವೂ ಬೇರೆಯಿರಬಹುದು.

ಹೆಸರಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸರ್ಟಿಫಿಕೇಟಿನಲ್ಲಿ ಹೆಸರು ಬರೆಯಲು ಎರಡು ಜಾಗಗಳಿವೆ: ಹಳೆಯ ‘ಸಾಮಾನ್ಯ ಹೆಸರು’ ಎಂಬ ಕಾಲಂ ಮತ್ತು ಹಲವು ಹೆಸರುಗಳನ್ನು ಹಿಡಿಸುವ ‘ಪರ್ಯಾಯ ಹೆಸರುಗಳು’ ಎಂಬ ಪಟ್ಟಿ. ಹೊಸ ತಂತ್ರಾಂಶಗಳು ಎರಡನೆಯದನ್ನಷ್ಟೇ ನೋಡುತ್ತವೆ. ಗೋ ಎಂಬ ಪ್ರೋಗ್ರಾಮಿಂಗ್ ಭಾಷೆ 2020ರ ಆಗಸ್ಟ್‌ನ ತನ್ನ 1.15ನೇ ಆವೃತ್ತಿಯಿಂದ ಹಳೆಯ ಕಾಲಂ ನೋಡುವುದನ್ನು ತಾನಾಗಿಯೇ ನಿಲ್ಲಿಸಿತು. ರೆಸ್ಟಿಕ್‌ನಂಥ ಬ್ಯಾಕಪ್ ಸಾಧನಗಳು ಬರೆಯಲ್ಪಟ್ಟಿರುವುದು ಇದೇ ಭಾಷೆಯಲ್ಲಿ. ವರ್ಷಗಟ್ಟಲೆ ನಡೆಯುತ್ತಿದ್ದ ಸಂಪರ್ಕ ಒಂದು ಅಪ್‌ಡೇಟ್ ಆದ ಮರುದಿನವೇ ನಿಂತರೆ, ಸರ್ಟಿಫಿಕೇಟಿನ ದಿನಾಂಕಕ್ಕಿಂತ ಮೊದಲು ಈ ಪಟ್ಟಿಯನ್ನು ತೆರೆದು ನೋಡುವುದು ಒಳ್ಳೆಯದು.

ಗಡಿಯಾರ

ಕಾರಣಗಳಲ್ಲೆಲ್ಲ ತೀರ ಸರಳವಾದದ್ದು ಇದು. ತೀರ ತಡವಾಗಿ ಹೊಳೆಯುವುದೂ ಇದೇ.

ಪ್ರತಿ ಸರ್ಟಿಫಿಕೇಟಿಗೂ ‘ಇಂಥ ದಿನದಿಂದ’ ಮತ್ತು ‘ಇಂಥ ದಿನದವರೆಗೆ’ ಎಂಬ ಎರಡು ದಿನಾಂಕಗಳಿರುತ್ತವೆ. ಅವಧಿ ಮುಗಿದರೆ ಸಂಪರ್ಕ ನಿಲ್ಲುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಅವಧಿ ಮುಗಿದಿದೆಯೇ ಎಂದು ನಿರ್ಧರಿಸುವುದು ಪರೀಕ್ಷಿಸುವ ಯಂತ್ರದ ಸ್ವಂತ ಗಡಿಯಾರ. ಅದು ತಪ್ಪಾಗಿದ್ದರೆ ಒಳ್ಳೆಯ ಪಾಸೂ ಕೆಟ್ಟದ್ದೇ. ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ ಒಂದು ಬ್ಯಾಟರಿ ಇರುತ್ತದೆ; ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್2032 ಎಂಬ, ಯಾವುದೇ ವಾಚ್ ಅಂಗಡಿಯಲ್ಲಿ ಸಿಗುವ ಬಿಲ್ಲೆ. ಅದು ಮುಗಿದ ಯಂತ್ರದಲ್ಲಿ ಕರೆಂಟ್ ಹೋಗಿ ಬಂದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಯಂತ್ರದ ದೃಷ್ಟಿಯಲ್ಲಿ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ.

ಇದಕ್ಕಿಂತ ಮೋಸದ್ದು ಸಮಯ ವಲಯದ ತಪ್ಪು. ವಿಂಡೋಸ್ ಹೊಸದಾಗಿ ಹಾಕಿದಾಗ ಅಮೆರಿಕದ ಪಶ್ಚಿಮ ಕರಾವಳಿಯ ವಲಯವೇ ಉಳಿದುಬಿಡುವುದುಂಟು. ಗಂಟೆ ತಪ್ಪು ತೋರಿಸುತ್ತಿದೆ ಎಂದು ಯಾರೋ ವಲಯವನ್ನು ಬದಲಾಯಿಸದೆ ಮುಳ್ಳನ್ನು ಮಾತ್ರ ತಿರುಗಿಸುತ್ತಾರೆ. ಗೋಡೆಯ ಗಡಿಯಾರಕ್ಕೂ ಪರದೆಯ ಮೂಲೆಯ ಗಡಿಯಾರಕ್ಕೂ ತಾಳೆಯಾಗುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಯಂತ್ರಗಳು ಒಳಗೊಳಗೆ ಮಾತಾಡುವುದು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ, ಮತ್ತು ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಬೆಳಿಗ್ಗೆ 10ಕ್ಕೆ ನಿಜವಾದ ಯುಟಿಸಿ ನಸುಕಿನ 4.30. ಯುಟಿಸಿಗಿಂತ ಎಂಟು ಗಂಟೆ ಹಿಂದಿರುವ ವಲಯದಲ್ಲಿದ್ದೇನೆಂದು ನಂಬಿರುವ ಆ ಯಂತ್ರದ ಲೆಕ್ಕದಲ್ಲಿ ಮಾತ್ರ ಅದು ಸಂಜೆ 6. ಹದಿಮೂರೂವರೆ ಗಂಟೆಯ ಅಂತರ.

ಇಂಥ ತಪ್ಪು ಮೈಸೂರಿನ ಮುಖ್ಯ ಸರ್ವರಿನಲ್ಲೇ ಇದ್ದು, ಅದೇ ಸರ್ವರ್ ಸರ್ಟಿಫಿಕೇಟ್ ಕೊಡುವ ಕೆಲಸವನ್ನೂ ಮಾಡುತ್ತಿದೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 10ಕ್ಕೆ ಅದು ತನಗೇ ಒಂದು ಹೊಸ ಸರ್ಟಿಫಿಕೇಟ್ ಕೊಟ್ಟುಕೊಳ್ಳುತ್ತದೆ. ಅದರ ಮೇಲೆ ಬರೆದ ಆರಂಭದ ಸಮಯ ನಮ್ಮ ಲೆಕ್ಕದಲ್ಲಿ ಆ ರಾತ್ರಿ 11.30. ಗಡಿಯಾರ ಸರಿಯಿರುವ ಮಂಡ್ಯದ ಯಂತ್ರ ಅದನ್ನು ಪರೀಕ್ಷಿಸಿದಾಗ, ರಾತ್ರಿ 9ರ ಬ್ಯಾಕಪ್ ‘ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ’ ಎಂದು ಸೋಲುತ್ತದೆ. ಮರುದಿನ ಯಾರೂ ಏನೂ ಮಾಡದೆ ಎಲ್ಲವೂ ಸರಿಹೋಗುತ್ತದೆ. ‘ತಾನಾಗಿಯೇ ಸರಿಯಾಯಿತು’ ಎಂದು ಬಿಟ್ಟುಬಿಟ್ಟ ಎಷ್ಟೋ ದೋಷಗಳ ಹಿಂದೆ ಇಂಥದೇ ಲೆಕ್ಕವಿರುತ್ತದೆ. ಈ ತೊಂದರೆ ತಪ್ಪಿಸಲೆಂದೇ ಕೆಲವು ತಂತ್ರಾಂಶಗಳು ಆರಂಭದ ಸಮಯವನ್ನು ಒಂದಿಷ್ಟು ಹಿಂದಕ್ಕೆ ಹಾಕಿ ಕೊಡುತ್ತವೆ.

ಎಲ್ಲ ಯಂತ್ರಗಳ ಗಡಿಯಾರವನ್ನು ಒಂದೇ ಮೂಲಕ್ಕೆ ಕಟ್ಟುವ ವಿಧಾನ ಎನ್‌ಟಿಪಿ. ಅದು ಯುಡಿಪಿ ಎಂಬ ಸಾಗಣೆ ವಿಧಾನದ 123ನೇ ಪೋರ್ಟನ್ನು ಬಳಸುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, ಸಂಸ್ಥೆಗಳು ತಮ್ಮ ಗಡಿಯಾರಗಳನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರುಗಳಿಗೆ, ಇಲ್ಲವೇ ಅವುಗಳಿಗೆ ತಾಳೆಯಾಗುವ ಸರ್ವರುಗಳಿಗೆ ಹೊಂದಿಸಬೇಕೆಂದು ಹೇಳಿದೆ. ಸಣ್ಣ ಕಚೇರಿಯಲ್ಲಿ ಮುಖ್ಯ ಸರ್ವರ್ ಮಾತ್ರ ಹೊರಗಿನಿಂದ ಸಮಯ ತೆಗೆದುಕೊಂಡು, ಉಳಿದ ಯಂತ್ರಗಳು ಅದನ್ನು ಅನುಸರಿಸುವಂತೆ ಮಾಡಿದರೆ ಸಾಕು.

ಮೊಹರು ಗೊತ್ತಿಲ್ಲ, ಪಾಸು ರದ್ದಾಗಿದೆ, ಕೀ ಕಳೆದಿದೆ

ಅನೇಕ ಬ್ಯಾಕಪ್ ತಂತ್ರಾಂಶಗಳು ಹೊರಗಿನ ಪ್ರಾಧಿಕಾರವನ್ನು ಅವಲಂಬಿಸದೆ, ಮುಖ್ಯ ಸರ್ವರಿನಲ್ಲೇ ತಮ್ಮದೊಂದು ಖಾಸಗಿ ಪ್ರಾಧಿಕಾರವನ್ನು ಹೂಡಿಕೊಂಡು ಎಲ್ಲ ಹೋಸ್ಟ್‌ಗಳಿಗೂ ಪಾಸು ಹಂಚುತ್ತವೆ. ಮುಖ್ಯ ಸರ್ವರನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಹೊಸ ಪ್ರಾಧಿಕಾರ, ಹೊಸ ಮೊಹರು ಹುಟ್ಟುತ್ತವೆ. ಹಳೆಯ ಕ್ಲೈಂಟ್‌ಗಳ ಬಳಿ ಹಳೆಯ ಮೊಹರಿನ ಮಾದರಿಯೇ ಇರುವುದರಿಂದ ಅವು ಹೊಸ ಸರ್ವರನ್ನು ನಂಬುವುದಿಲ್ಲ. ‘ಅಪರಿಚಿತ ಪ್ರಾಧಿಕಾರ’ ಎಂಬ ಸಂದೇಶದ ಅರ್ಥ ಇದೇ. ಮೂಲ ಸರ್ಟಿಫಿಕೇಟಿಗೂ ಅವಧಿ ಇದೆ ಎಂಬುದನ್ನು ಜನ ಮರೆಯುತ್ತಾರೆ: 2021ರ ಸೆಪ್ಟೆಂಬರ್ 30ರಂದು ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಒಂದು ಮೂಲ ಸರ್ಟಿಫಿಕೇಟಿನ ಅವಧಿ ಮುಗಿದಾಗ, ಅಪ್‌ಡೇಟ್ ಕಾಣದ ಹಳೆಯ ಸಾಧನಗಳು ಸರಿಯಾಗಿದ್ದ ಜಾಲತಾಣಗಳನ್ನೇ ನಂಬದೆ ಹೋದವು.

ಹೊಸ ಮೊಹರನ್ನು ಮಂಡ್ಯದ ಯಂತ್ರಕ್ಕೆ ನಂಬಿಸುವಾಗ ತಂತ್ರಾಂಶ ಅದರ ‘ಬೆರಳಚ್ಚನ್ನು’ (ಆ ಮೊಹರಿನಿಂದಲೇ ಲೆಕ್ಕಹಾಕಿದ ಗುರುತಿನ ಸಾಲನ್ನು) ತೋರಿಸಿ ‘ಇದು ಸರಿಯೇ?’ ಎಂದು ಕೇಳುತ್ತದೆ. ಎಸ್‌ಎಚ್‌ಎ-256 ವಿಧಾನದ್ದಾದರೆ ಅದು 64 ಅಕ್ಷರ ಮತ್ತು ಅಂಕಿಗಳ ಸಾಲು. ಓದದೆ ‘ಹೌದು’ ಒತ್ತುವುದು ಎಲ್ಲರ ಅಭ್ಯಾಸ. ಆದರೆ ಇಡೀ ನಂಬಿಕೆಯ ಬುನಾದಿ ಇದೊಂದು ಕ್ಷಣ. ಮೈಸೂರಿನವರು ಫೋನಿನಲ್ಲಿ ಸಾಲನ್ನು ಓದಿ, ಮಂಡ್ಯದವರು ಬೆರಳಿಟ್ಟು ತಾಳೆ ನೋಡಲು ಎರಡು ನಿಮಿಷ ಸಾಕು.

ರದ್ದತಿಯ ಪಟ್ಟಿ ಇನ್ನೊಂದು ಹಂತ. ಕಳೆದುಹೋದ ಲ್ಯಾಪ್‌ಟಾಪಿನ ಸರ್ಟಿಫಿಕೇಟನ್ನು ಅವಧಿ ಮುಗಿಯುವ ಮೊದಲೇ ರದ್ದು ಮಾಡಿ ಪಟ್ಟಿಗೆ ಸೇರಿಸಲಾಗುತ್ತದೆ. 2014ರ ಏಪ್ರಿಲ್‌ನಲ್ಲಿ ಟಿಎಲ್‌ಎಸ್ ಕೆಲಸ ಮಾಡಿಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಜಗತ್ತಿನಾದ್ಯಂತ ಸರ್ಟಿಫಿಕೇಟ್‌ಗಳನ್ನು ರದ್ದು ಮಾಡಿ ಹೊಸದನ್ನು ಪಡೆಯಬೇಕಾಗಿ ಬಂದದ್ದು, ಖಾಸಗಿ ಕೀಗಳು ಸೋರಿರಬಹುದೆಂಬ ಭಯದಿಂದ. ಪಟ್ಟಿಗೂ ‘ಮುಂದಿನ ಪಟ್ಟಿ ಈ ದಿನದೊಳಗೆ’ ಎಂಬ ಗಡುವಿರುತ್ತದೆ. ಕ್ಲೈಂಟ್ ಬಹಳ ದಿನ ಆಫ್ ಆಗಿದ್ದು ಎದ್ದಾಗ ಅದರ ಬಳಿಯ ಪಟ್ಟಿ ಹಳಸಿರುತ್ತದೆ, ಮತ್ತು ಹೊಸ ಪಟ್ಟಿ ಸಿಗುವವರೆಗೆ ಅದು ಯಾರನ್ನೂ ನಂಬದಿರಬಹುದು. ಇಲ್ಲಿ ರದ್ದಾದವರು ಯಾರೂ ಇಲ್ಲ, ಪಟ್ಟಿಯೇ ಹಳೆಯದು.

ಯಂತ್ರವನ್ನು ಫಾರ್ಮ್ಯಾಟ್ ಮಾಡಿದರೆ ಖಾಸಗಿ ಕೀ ಹೋಗುತ್ತದೆ. ಅದೇ ಹೆಸರಿಗೆ ಇನ್ನೊಂದು ಪಾಸು ಕೇಳಿದಾಗ ಸರ್ವರ್ ಅನುಮಾನಿಸುವುದು ಸಹಜ, ಏಕೆಂದರೆ ಬೇರೆಯವರು ಆ ಹೆಸರು ಹೇಳಿಕೊಂಡು ಬಂದಿದ್ದರೂ ಹೀಗೇ ಕೇಳುತ್ತಿದ್ದರು. ಆದ್ದರಿಂದಲೇ ಮರುವಿತರಣೆಗೆಂದು ಬೇರೆಯದೇ ಟೋಕನ್ (ಇದು ಯುಎಸ್‌ಬಿ ಅಲ್ಲ, ಅನುಮತಿಯ ಗುಟ್ಟುಸಂಕೇತ) ಕೊಡುವ ಪದ್ಧತಿ ಇದೆ. ಇದಕ್ಕೆ ತದ್ವಿರುದ್ಧವಾದದ್ದು ಕ್ಲೋನ್ ಮಾಡಿದ ಯಂತ್ರ: ಒಂದು ಕಂಪ್ಯೂಟರನ್ನು ಪೂರ್ತಿ ಸಜ್ಜುಗೊಳಿಸಿ ಅದರ ಡಿಸ್ಕನ್ನೇ ಇನ್ನೂ ಮೂರಕ್ಕೆ ನಕಲು ಮಾಡಿದರೆ ಕೀ ಸಮೇತ ಗುರುತೂ ನಕಲಾಗುತ್ತದೆ, ಒಂದೇ ಪಾಸು ಹಿಡಿದು ನಾಲ್ವರು ಬಾಗಿಲಿಗೆ ಬಂದಂತಾಗುತ್ತದೆ.

ಒಂದು ಕಡೆ ಹಳೆಯದು, ಒಂದು ಕಡೆ ಹೊಸದು

ಟಿಎಲ್‌ಎಸ್ 1.0 ಮತ್ತು 1.1 ಆವೃತ್ತಿಗಳನ್ನು 2021ರ ಮಾರ್ಚ್‌ನಲ್ಲಿ ಅಂತರಜಾಲದ ಮಾನಕ ಸಂಸ್ಥೆಯಾದ ಐಇಟಿಎಫ್ ಅಧಿಕೃತವಾಗಿ ಕೈಬಿಟ್ಟಿತು. ಮೈಸೂರಿನ ಸರ್ವರ್ ಹೊಸದಾಗಿ, 1.2ಕ್ಕಿಂತ ಕಡಿಮೆಯದನ್ನು ಒಪ್ಪದಿದ್ದು, ಮಂಡ್ಯದಲ್ಲಿ ಹಳೆಯ ಕ್ಲೈಂಟ್ ತಂತ್ರಾಂಶ ಓಡುತ್ತಿದ್ದರೆ ಇಬ್ಬರಿಗೂ ಗೊತ್ತಿರುವ ಭಾಷೆಯೇ ಇಲ್ಲದೆ ಮಾತು ನಿಲ್ಲುತ್ತದೆ. ಸಹಿ ಮಾಡುವ ವಿಧಾನಗಳಿಗೂ ಇದು ಅನ್ವಯಿಸುತ್ತದೆ: ಎಸ್‌ಎಚ್‌ಎ-1 ವಿಧಾನ ದುರ್ಬಲವೆಂಬುದು 2017ರಲ್ಲಿ ಪ್ರಾಯೋಗಿಕವಾಗಿ ಸಾಬೀತಾಯಿತು, 2022ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ರಲ್ಲಿ ಆ ಸಹಿಗಳನ್ನು ತಾನಾಗಿಯೇ ಒಪ್ಪದಂತೆ ಮಾಡಲಾಗಿದೆ. ಹೊರಗಿನ ಸಾರ್ವಜನಿಕ ಪ್ರಾಧಿಕಾರಗಳಿಂದ ಸರ್ಟಿಫಿಕೇಟ್ ತರಿಸುವವರು ಇನ್ನೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಅವುಗಳ ಗರಿಷ್ಠ ಅವಧಿಯನ್ನು 2026ರ ಮಾರ್ಚ್ 15ರಿಂದ 200 ದಿನಕ್ಕೆ ಇಳಿಸಿ, 2029ರ ಮಾರ್ಚ್ 15ರ ಹೊತ್ತಿಗೆ 47 ದಿನಕ್ಕೆ ತರಲು 2025ರಲ್ಲಿ ತೀರ್ಮಾನವಾಗಿದೆ. ಸಂಸ್ಥೆಯೊಳಗಿನ ಖಾಸಗಿ ಪ್ರಾಧಿಕಾರಗಳಿಗೆ ಈ ಮಿತಿ ಇಲ್ಲ.

ನಡುವೆ ಕೈ ಹಾಕುವವರು

ಕೆಲವು ಆ್ಯಂಟಿವೈರಸ್‌ಗಳು ಮತ್ತು ಫೈರ್‌ವಾಲ್‌ಗಳು ಗೂಢಲಿಪಿಯ ಮಾತನ್ನು ಬಿಚ್ಚಿ ನೋಡಿ, ತಮ್ಮ ಸರ್ಟಿಫಿಕೇಟ್ ಹಾಕಿ ಮತ್ತೆ ಮುಚ್ಚಿ ಕಳುಹಿಸುತ್ತವೆ. ಬ್ಯಾಕಪ್ ತಂತ್ರಾಂಶದ ಕಣ್ಣಿಗೆ ಇದು ಖದೀಮರ ಕೆಲಸದಂತೆಯೇ ಕಾಣುತ್ತದೆ, ಸರಿಯಾಗಿಯೇ ನಿರಾಕರಿಸುತ್ತದೆ. ಓಪನ್‌ಎಸ್‌ಎಸ್‌ಎಲ್‌ನಲ್ಲಿರುವ ಎಸ್-ಕ್ಲೈಂಟ್ ಆದೇಶದಿಂದ ಎದುರಿನವರು ತೋರಿಸುತ್ತಿರುವ ಸರ್ಟಿಫಿಕೇಟನ್ನು ತರಿಸಿ, ಕೊಟ್ಟವರ ಹೆಸರಿನಲ್ಲಿ ಆ್ಯಂಟಿವೈರಸ್ ಕಂಪನಿ ಕಂಡರೆ ಕಾರಣ ಸಿಕ್ಕಿತು.

ಇನ್ನೊಂದು ತೊಡಕು ಪೊಟ್ಟಣದ ಗಾತ್ರದ್ದು. ಈಥರ್‌ನೆಟ್ ಒಂದು ಸಲಕ್ಕೆ 1500 ಬೈಟ್ ಒಯ್ಯುತ್ತದೆ. ಬ್ರಾಡ್‌ಬ್ಯಾಂಡಿನ ಪಿಪಿಪಿಒಇ ಜೋಡಣೆಯಲ್ಲಿ 1492, ವಿಪಿಎನ್ ಎಂಬ ಖಾಸಗಿ ಜಾಲದ ಸುರಂಗದೊಳಗೆ ಇನ್ನೂ ಕಡಿಮೆ. ಮೊದಲ ನಮಸ್ಕಾರದ ಪೊಟ್ಟಣಗಳು ಚಿಕ್ಕವು, ಆರಾಮವಾಗಿ ದಾಟುತ್ತವೆ. ಸರ್ಟಿಫಿಕೇಟ್‌ಗಳ ಸರಪಳಿ ಕೆಲವು ಸಾವಿರ ಬೈಟ್‌ನದು, ಪೊಟ್ಟಣ ತುಂಬಿಕೊಂಡು ಬರುತ್ತದೆ. ನಡುವಿನ ಸಾಧನವೊಂದು ದೊಡ್ಡ ಪೊಟ್ಟಣಗಳನ್ನು ಸದ್ದಿಲ್ಲದೆ ಎಸೆಯುತ್ತಿದ್ದರೆ, ಪೋರ್ಟ್ ತೆರೆದೇ ಇರುತ್ತದೆ, ಪಿಂಗ್ ಬರುತ್ತದೆ, ಆದರೆ ಪಾಸು ತೋರಿಸುವ ಹೊತ್ತಿಗೆ ಎಲ್ಲವೂ ಸ್ತಬ್ಧ. ಪೊಟ್ಟಣ ಒಡೆಯದಂತೆ ಹೇಳಿ, 1472 ಬೈಟ್‌ನ ಪಿಂಗ್ ಕಳುಹಿಸಿದರೆ, ಮೇಲುಹೊದಿಕೆಯ 28 ಸೇರಿ ಸರಿಯಾಗಿ 1500 ಆಗುತ್ತದೆ; ಅದು ದಾಟದೆ 1400 ದಾಟಿದರೆ ಗಾತ್ರದ ತೊಂದರೆ ಇರಬಹುದು.

ಎರಡೂ ಕಡೆಯ ಲಾಗ್

ನಿರಾಕರಿಸಿದವರು ನಿಜವಾದ ಕಾರಣವನ್ನು ತಮ್ಮ ದಫ್ತರಿನಲ್ಲಿ, ಅಂದರೆ ಲಾಗ್ ಎಂಬ ಕಡತದಲ್ಲಿ, ಬರೆದುಕೊಳ್ಳುತ್ತಾರೆ, ಎದುರಿನವರಿಗೆ ಮೊಟಕಾಗಿ ಹೇಳುತ್ತಾರೆ. ಅಪರಿಚಿತರಿಗೆ ಹೆಚ್ಚು ವಿವರ ಕೊಡಬಾರದೆಂಬ ಎಚ್ಚರಿಕೆ ಅದು. ಆದ್ದರಿಂದ ಮಂಡ್ಯದ ಪರದೆಯಲ್ಲಿ ‘ಸಂಪರ್ಕ ಮುರಿಯಿತು’ ಎಂದಿದ್ದರೆ ಓದಬೇಕಾದದ್ದು ಮೈಸೂರಿನ ಲಾಗ್. ಟಿಎಲ್‌ಎಸ್ 1.3ರಲ್ಲಿ ಇದು ಇನ್ನೂ ಗೊಂದಲಕರ: ಸರ್ವರ್ ಕ್ಲೈಂಟಿನ ಸರ್ಟಿಫಿಕೇಟನ್ನು ಪರೀಕ್ಷಿಸುವ ಮೊದಲೇ, ಕ್ಲೈಂಟ್ ತನ್ನ ಪಾಲಿನ ಕೈಕುಲುಕುವಿಕೆ (ಪಾಸು ತೋರಿಸುವ ಆರಂಭದ ಹಂತ) ಮುಗಿಯಿತೆಂದು ತಿಳಿದಿರುತ್ತದೆ. ಹಾಗಾಗಿ ಕ್ಲೈಂಟಿನ ಲಾಗ್‌ನಲ್ಲಿ ‘ಸಂಪರ್ಕ ಆಯಿತು’ ಎಂಬ ಸಾಲಿನ ಮರುಕ್ಷಣವೇ ‘ಕಡಿದುಹೋಯಿತು’ ಎಂದಿರುತ್ತದೆ, ಓದಿದವರು ಕೇಬಲ್ ಹುಡುಕಲು ಹೋಗುತ್ತಾರೆ.

ಲಾಗ್ ಓದುವಾಗ ಸರಿಯಾಗಿ ನಡೆಯುತ್ತಿರುವ ಇನ್ನೊಂದು ಕ್ಲೈಂಟಿನದನ್ನೂ ಪಕ್ಕದಲ್ಲಿಟ್ಟುಕೊಂಡು ಎಲ್ಲಿ ಕವಲೊಡೆಯುತ್ತದೆ ಎಂದು ನೋಡುವುದು ಉತ್ತಮ. ಎಲ್ಲ ಕ್ಲೈಂಟ್‌ಗಳೂ ಒಟ್ಟಿಗೇ ಸೋತಿದ್ದರೆ ತಪ್ಪು ಬಹುತೇಕ ಮುಖ್ಯ ಸರ್ವರಿನದು. ಒಂದೇ ಸೋತಿದ್ದರೆ ಆ ಒಂದರದ್ದು.

ಪರೀಕ್ಷೆಯನ್ನೇ ಆಫ್ ಮಾಡಿದರೆ?

ಹಲವು ತಂತ್ರಾಂಶಗಳಲ್ಲಿ ಸರ್ಟಿಫಿಕೇಟ್ ಪರೀಕ್ಷೆಯನ್ನು ಬಿಟ್ಟುಬಿಡುವ ಆಯ್ಕೆ ಇರುತ್ತದೆ, ಮತ್ತು ಅದನ್ನು ಒತ್ತಿದ ಕೂಡಲೇ ಬ್ಯಾಕಪ್ ಓಡುತ್ತದೆ. ಮಾತು ಆಗಲೂ ಗೂಢಲಿಪಿಯಲ್ಲೇ ಇರುತ್ತದೆ, ಆದರೆ ಯಾರೊಡನೆ ಆಡುತ್ತಿದ್ದೇವೆ ಎಂಬುದು ಗೊತ್ತಿರುವುದಿಲ್ಲ. ಬೇರೆ ಯಾವ ಕಡತ ಸೋರಿದರೂ ಒಂದು ಕಡತ ಸೋರಿದಂತೆ. ಬ್ಯಾಕಪ್ ಸೋರಿದರೆ ಗ್ರಾಹಕರ ಪಟ್ಟಿ, ಸಂಬಳದ ಲೆಕ್ಕ, ಪಾಸ್‌ವರ್ಡ್‌ಗಳು ಎಲ್ಲವೂ ಒಟ್ಟಿಗೇ ಹೋಗುತ್ತವೆ. ಹತ್ತು ನಿಮಿಷ ಆಫ್ ಮಾಡಿ ನೋಡಿ, ಹಾಗೆ ಮಾಡಿದಾಗ ಓಡಿದರೆ ತೊಂದರೆ ಜಾಲದ್ದಲ್ಲ, ಗುರುತಿನದು ಎಂದು ಖಚಿತಪಡಿಸಿಕೊಳ್ಳಲು ಮಾತ್ರ ಅದು ಉಪಯುಕ್ತ. ಅದನ್ನೂ ನಿಜವಾದ ದತ್ತಾಂಶ ಕಳುಹಿಸದೆ, ಒಂದು ಖಾಲಿ ಫೋಲ್ಡರಿನ ಮೇಲೆ ಮಾಡಬೇಕು.

ಸಂಪರ್ಕ ಮರಳಿದ ರಾತ್ರಿ

ಒಂಬತ್ತು ದಿನ ನಿಂತಿದ್ದ ಸಂಪರ್ಕ ಸರಿಹೋದರೆ, ಅಂದಿನ ಬ್ಯಾಕಪ್ ಒಂಬತ್ತೂ ದಿನಗಳ ಬದಲಾವಣೆಯನ್ನು ಒಟ್ಟಿಗೇ ಹೊತ್ತು ತರುತ್ತದೆ. ಮಂಡ್ಯದ ಬ್ರಾಡ್‌ಬ್ಯಾಂಡಿನಲ್ಲಿ ಮೇಲಕ್ಕೆ ಕಳುಹಿಸುವ ವೇಗ ಕಡಿಮೆಯಿದ್ದರೆ ಅದು ಮರುದಿನ ಬೆಳಿಗ್ಗೆ ಬಿಲ್ ಹಾಕುವ ಹೊತ್ತಿಗೂ ಮುಗಿಯದಿರಬಹುದು. ಆ ದಿನ ಮಾತ್ರ ಜಾಬನ್ನು ಸಂಜೆ ಅಂಗಡಿ ಮುಚ್ಚಿದ ಕೂಡಲೇ ಆರಂಭಿಸುವುದು ಲೇಸು. ನಡುವಿನ ಒಂಬತ್ತು ದಿನಗಳ ಒಂದೊಂದು ದಿನದ ನಕಲು ಮಾತ್ರ ಇನ್ನೆಂದೂ ಸಿಗುವುದಿಲ್ಲ, ಆದ್ದರಿಂದ ಪರಿಶೋಧಕರಿಗೆ ತೋರಿಸುವ ದಾಖಲೆಯಲ್ಲಿ ಆ ಅಂತರವನ್ನೂ ಕಾರಣವನ್ನೂ ಬರೆದಿಡಬೇಕಾಗುತ್ತದೆ. ಜಾಬ್ ಹಸಿರು ಬಣ್ಣದಲ್ಲಿ ಮುಗಿದ ಮೇಲೆ, ಮಂಡ್ಯದ ಹಿಂದಿನ ದಿನದ ಬಿಲ್ ಕಡತವೊಂದನ್ನು ಮೈಸೂರಿನಿಂದ ಬೇರೆ ಫೋಲ್ಡರಿಗೆ ಮರಳಿ ತರಿಸಿ, ತೆರೆದು, ಕೊನೆಯ ಬಿಲ್ಲಿನ ಸಂಖ್ಯೆ ಶಾಖೆಯ ಪುಸ್ತಕದ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ನೋಡಬೇಕು.